ನಾಜಿಮಾ ಮರೆತ ಸೋಮವಾರ

ಮಳವಳ್ಳಿಯಲ್ಲಿ ಟ್ರ್ಯಾಕ್ಟರ್ ಕೆಟ್ಟರೆ ವಾಜಿದ್ ಸಾಬರ ಶೆಡ್ಡಿಗೆ ಹೋಗಬೇಕು ಎನ್ನುವುದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಅದೇ ವಾಜಿದ್ ಸಾಬರ ಮಗಳು ನಾಜಿಮಾ ಮಂಡ್ಯದಲ್ಲಿ ಏನು ಕೆಲಸ ಮಾಡುತ್ತಾಳೆ ಎನ್ನುವುದು ಮಾತ್ರ ಮನೆಯವರಿಗೂ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ ತಾಯಿ ಕುಲ್ಸುಮ್ "ಕಂಪ್ಯೂಟರು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಕೇಳಿದವರೂ ತಲೆಯಾಡಿಸಿ ನೇರವಾಗಿ ಮದುವೆಯ ಮಾತಿಗೆ ಬರುತ್ತಾರೆ. ಹುಡುಗಿಗೆ ಇಪ್ಪತ್ತಾರು ತುಂಬಿತಲ್ಲ ಎನ್ನುವುದೇ ಅವರಿಗೆ ದೊಡ್ಡ ವಿಷಯ, ಅವಳು ಹಗಲೆಲ್ಲ ಏನು ಕಟ್ಟುತ್ತಾಳೆ ಎನ್ನುವುದಲ್ಲ.

ಅಪ್ಪನನ್ನು ಮಾತ್ರ ಒಮ್ಮೆ ಕೂರಿಸಿಕೊಂಡು ಹೇಳಿದ್ದಳು. ಸಕ್ಕರೆ ಕಾರ್ಖಾನೆಯವರು ಯಾವ ರೈತ ಯಾವ ದಿನ ಕಬ್ಬು ಕಡಿಯಬೇಕು ಎಂದು ಕಟಾವಿನ ಆರ್ಡರ್ ಕೊಡುತ್ತಾರೆ. ಆ ಆರ್ಡರ್ ಕಾರ್ಖಾನೆಯ ಕಂಪ್ಯೂಟರಿನಿಂದ ಹೊರಟು ಆಯಾ ಭಾಗದ ಫೀಲ್ಡ್‌ಮನ್ ಫೋನಿಗೆ ಬರಬೇಕು. ಆತ ಚೀಟಿ ಬರೆದು ರೈತನ ಕೈಗೆ ಕೊಡುತ್ತಾನೆ. ಕಾರ್ಖಾನೆಗೂ ಫೀಲ್ಡ್‌ಮನ್‌ಗೂ ನಡುವೆ ಆರ್ಡರುಗಳು ಒಂದರ ಹಿಂದೆ ಒಂದು ಕಾದು ನಿಲ್ಲುವುದಕ್ಕೆ ಒಂದು ಜಾಗ ಬೇಕು. ನೆಟ್‌ವರ್ಕ್ ಇಲ್ಲದಿದ್ದರೂ, ಫೋನ್ ಸತ್ತಿದ್ದರೂ ಅವು ಅಲ್ಲೇ ನಿಂತು ಕಾಯುತ್ತವೆ. ಆ ಜಾಗಕ್ಕೆ ಕ್ಯೂ ಎನ್ನುತ್ತಾರೆ.

"ಎಲ್ಲಿರುತ್ತೆ ಅದು?" ಎಂದಿದ್ದರು ವಾಜಿದ್.

"ಬಾಡಿಗೆ ಕಂಪ್ಯೂಟರಿನಲ್ಲಿ ಅಬ್ಬಾ. ಕ್ಲೌಡು ಅಂತಾರೆ."

"ಅಂದ್ರೆ ಕಾರ್ಖಾನೆ ಗೇಟಿನ ಮುಂದೆ ಗಾಡಿ ನಿಲ್ಲೋ ಸಾಲು ಇದ್ದಂಗೆ. ಸಾಲನ್ನ ನೋಡ್ಕೊಳ್ಳೋದು ನಿನ್ನ ಕೆಲಸ." ಅವರು ಸ್ಪ್ಯಾನರ್ ಎತ್ತಿಕೊಂಡು ಎದ್ದಿದ್ದರು. ಇದಕ್ಕಿಂತ ಚೆನ್ನಾಗಿ ಯಾವ ಲೆಕ್ಚರರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅವಳು ಕೆಲಸ ಮಾಡುವ ಆಫೀಸು ಮಂಡ್ಯದ ಒಂದು ಗೊಬ್ಬರದ ಅಂಗಡಿಯ ಮಹಡಿ. ಮಾಲೀಕ ರವಿಚಂದ್ರ ಮದ್ದೂರಿನವನು, ಕೆಲಸ ಮಾಡುವವರು ಅವನೂ ಸೇರಿ ನಾಲ್ಕು ಜನ. ಕಾರ್ಖಾನೆಯ ಆರು ಭಾಗಗಳಿಗೆ ಆರು ಕ್ಯೂಗಳು. ಮೊದಲು ಅವನ್ನೆಲ್ಲ ಸಂತೋಷ್ ಎಂಬ ಹಳೆಯ ನೌಕರ ಪರದೆಯ ಮೇಲೆ ಒಂದೊಂದಾಗಿ ಒತ್ತಿ ಒತ್ತಿ ಕೈಯಲ್ಲೇ ಮಾಡಿದ್ದ. ಅವನು ಕೆಲಸ ಬಿಟ್ಟ ಮೇಲೆ ಯಾವ ಕ್ಯೂಗೆ ಏನು ಹೊಂದಿಸಿದ್ದಾನೆ ಎಂಬುದು ದೇವರಿಗೇ ಗೊತ್ತು ಎನ್ನುವಂತಾಯಿತು. "ಎಲ್ಲಾನೂ ಟೆಂಪ್ಲೇಟ್‌ನಲ್ಲಿ ಬರೆದುಬಿಡು" ಎಂದ ರವಿಚಂದ್ರ. ಟೆಂಪ್ಲೇಟ್ ಎಂದರೆ ಬೆಲ್ಲದ ಅಚ್ಚು ಇದ್ದ ಹಾಗೆ. ಕ್ಯೂ ಹೇಗಿರಬೇಕೆಂದು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು, ಕ್ಲೌಡು ಅದನ್ನು ಓದಿ ತಾನೇ ಮಾಡಿಕೊಡುತ್ತದೆ. ಹತ್ತು ಸಲ ಮಾಡಿದರೂ ಹತ್ತೂ ಒಂದೇ ಥರ.

ನಾಜಿಮಾ ಹನ್ನೆರಡು ದಿನ ಕೂತು ಬರೆದಳು. ಆರಕ್ಕೂ ಒಂದೇ ಅಚ್ಚು. ಕ್ಯೂನಲ್ಲಿ ಒಂದು ಆರ್ಡರ್ ಎಷ್ಟು ಹೊತ್ತು ಉಳಿಯಬಹುದು ಎನ್ನುವುದನ್ನು ಸೆಕೆಂಡುಗಳಲ್ಲಿ ಬರೆಯಬೇಕು. ಅವಳು ಎಂಬತ್ತಾರು ಸಾವಿರದ ನಾನೂರು ಎಂದು ಬರೆದಳು. ಅಂದರೆ ಸರಿಯಾಗಿ ಒಂದು ದಿನ. ಅದಕ್ಕೂ ಕಾರಣ ಇತ್ತು. ಜುಲೈನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ ಹಳೆಯ ಆರ್ಡರ್ ಒಂದು ಒಂಬತ್ತು ದಿನದ ಮೇಲೆ ಹೊರಬಂದು, ರೈತ ಸುಮ್ಮಸುಮ್ಮನೆ ಕಬ್ಬು ಕಡಿದು, ಕಾರ್ಖಾನೆಯವರು ಆಫೀಸಿಗೇ ಬಂದು ಉಗಿದು ಹೋಗಿದ್ದರು. ಒಂದು ದಿನ ದಾಟಿದ್ದು ತಾನೇ ಅಳಿಸಿಹೋಗಲಿ ಎಂದು ಅವಳು ಯೋಚನೆ ಮಾಡಿಯೇ ಹಾಕಿದ್ದಳು. ನವೆಂಬರಿನ ಒಂದು ಗುರುವಾರ ಟೆಂಪ್ಲೇಟ್ ಓಡಿಸಿದಾಗ ನಾಲ್ಕೇ ನಿಮಿಷದಲ್ಲಿ ಆರು ಹೊಸ ಕ್ಯೂಗಳು ಎದ್ದು ನಿಂತವು, ಹಳೆಯವು ಹೋದವು. ಅವತ್ತು ಅವಳಿಗಾದ ಹೆಮ್ಮೆ ಸಣ್ಣದಲ್ಲ. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದಿದ್ದಳು.

ಆರರಲ್ಲಿ ಒಂದು ಕ್ಯೂ ಮಾತ್ರ ಬೇರೆ ಥರದ್ದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗೇ ಇಲ್ಲ. ಹನಕೆರೆಯಿಂದ ಒಳಕ್ಕೆ ಇರುವ ಏಳೆಂಟು ಹಳ್ಳಿಗಳಲ್ಲಿ ಇವತ್ತಿಗೂ ಕಬ್ಬು ಎತ್ತಿನ ಗಾಡಿಯಲ್ಲೇ ಹೋಗುತ್ತದೆ. ಆಫೀಸಿನಲ್ಲಿ ಅವಕ್ಕೆ ಗಾಡಿ ಊರು ಎಂದೇ ಹೆಸರು. ಆ ಭಾಗದ ಫೀಲ್ಡ್‌ಮನ್ ರಾಮಲಿಂಗಯ್ಯ, ಶಿವಪುರದವರು, ಮುಂದಿನ ವರ್ಷ ರಿಟೈರ್ ಆಗಬೇಕಾದವರು, ಎರಡು ವರ್ಷದ ಹಿಂದೆ ಖುದ್ದಾಗಿ ಮಹಡಿ ಹತ್ತಿ ಬಂದಿದ್ದರು. ಬಂದವರು ನಾಜಿಮಾಳ ಮುಂದೆ ಕೂತು ಟೀ ಕುಡಿದು ಹೇಳಿದ್ದರು.

"ಗಾಡಿ ಊರಿಗೆ ಬಾನುವಾರ ಮದ್ಯಾನದ ಮ್ಯಾಲೆ ಆರ್ಡರ್ ಕಳುಸ್ಬ್ಯಾಡಿ ಕಣಮ್ಮ. ಸ್ವಾಮಾರ ಎತ್ತಿನ ಕತ್ತಿಗೆ ನೊಗ ಆಕಲ್ಲ ನಾವು, ಬಸವಣ್ಣನ ದಿನ. ಆರ್ಡರ್ ಕೈಗ್ ಸಿಕ್ತು ಅಂದ್ರೆ ಇವ್ರು ಕಬ್ ಕಡುದ್ಬುಡ್ತಾರೆ. ಕಡುದ್ ಕಬ್ಬು ಒಂದ್ ದಿನ ಬಿಸ್ಲಲ್ಲಿ ಬಿದ್ರೆ ತೂಕ ಓಯ್ತದೆ. ತಡ್ದಿಟ್ಕಂಡು ಮಂಗಳವಾರ ಬೆಳುಗ್ಗೆ ಬುಡಿ."

"ಟ್ರ್ಯಾಕ್ಟರ್ ಊರುಗಳಿಗೆ ಸಾರ್?"

"ಟ್ಯಾಕ್ಟರ್‌ಗೆ ಎಂತಾ ಸ್ವಾಮಾರ? ಅದುಕ್ಕೆ ಡೀಸೆಲ್ ಆಕುದ್ರೆ ಸಾಕು."

ಅವಳು ನಕ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅವತ್ತೇ ಪ್ರೋಗ್ರಾಮಿನಲ್ಲಿ ತಡೆ ಹಾಕಿದ್ದಳು. ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗಿನ ಐದರವರೆಗೆ ಗಾಡಿ ಊರಿನ ಆರ್ಡರುಗಳನ್ನು ಯಾರೂ ಎತ್ತಿಕೊಳ್ಳಬಾರದು, ಅವು ಕ್ಯೂನಲ್ಲೇ ನಿಂತಿರಬೇಕು. ತಡೆ ಪ್ರೋಗ್ರಾಮಿನಲ್ಲಿತ್ತು, ಆರ್ಡರಿನ ಹೊಸ ಆಯಸ್ಸು ಟೆಂಪ್ಲೇಟಿನಲ್ಲಿತ್ತು. ಎರಡನ್ನೂ ಬರೆದವಳು ಅವಳೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಅವಳಿಗೆ ಬರಲಿಲ್ಲ. ಭಾನುವಾರ ಮಧ್ಯಾಹ್ನ ಬಂದ ಆರ್ಡರಿಗೆ ಸೋಮವಾರ ಮಧ್ಯಾಹ್ನಕ್ಕೆ ಒಂದು ದಿನ ತುಂಬುತ್ತಿತ್ತು. ಮಂಗಳವಾರ ಎತ್ತಿಕೊಳ್ಳಲು ಹೋದರೆ ಅಲ್ಲಿ ಏನೂ ಇರುತ್ತಿರಲಿಲ್ಲ.

ಮೂರು ಭಾನುವಾರ ಹೀಗೆ ಹೋಯಿತು. ಸೋಮವಾರ ಬಂದ ಆರ್ಡರುಗಳು ಸರಿಯಾಗಿ ತಲುಪಿದವು, ಭಾನುವಾರದವು ಮಾಯವಾದವು. ಕ್ಯೂಗೆ ಸೇರಿದರೆ ಕೊಟ್ಟಂತೆ ಎಂದೇ ಕಾರ್ಖಾನೆಯ ಲೆಕ್ಕ, ಅವರ ಪರದೆಯಲ್ಲಿ ಎಲ್ಲದರ ಮುಂದೆಯೂ 'ಕೊಟ್ಟಿದೆ' ಎಂದೇ ಇತ್ತು. ಪುಟ್ಟಮಾದಯ್ಯ ಎಂಬ ರೈತನ ಹೆಸರು ಎರಡು ಸಲ ಭಾನುವಾರವೇ ಬಂದು ಎರಡು ಸಲವೂ ಕಳೆದುಹೋಯಿತು. ಅವನ ಕಬ್ಬು ಸೂಲಂಗಿ ಹೊಡೆದು, ಹೂವಾಗಿ, ಒಳಗೆ ರಸ ಬತ್ತಿ ಬೆಂಡಾಗುತ್ತಾ ಇತ್ತು. ಅವನು ಕಾರ್ಖಾನೆಗೆ ಹೋಗಿ ಕೇಳಿದರೆ "ನಿನ್ನ ಆರ್ಡರ್ ಹೋಗಿ ಹತ್ತು ದಿನ ಆಯ್ತಲ್ಲಪ್ಪ, ನಿಮ್ಮ ಫೀಲ್ಡ್‌ಮನ್ ಕೇಳು" ಎಂದರು. ಊರಿಗೆ ಬಂದು ರಾಮಲಿಂಗಯ್ಯನನ್ನು ಕೇಳಿದರೆ "ನಂಗೆ ಬಂದೇ ಇಲ್ಲ ಕಣ್ಲಾ" ಎಂದರು. ಒಬ್ಬರಿಗೆ ಸಿಕ್ಕಿ ಒಬ್ಬರಿಗೆ ಸಿಗದಿದ್ದರೆ ಜನ ಏನೆಂದುಕೊಳ್ಳುತ್ತಾರೋ ಅದನ್ನೇ ಅಂದುಕೊಂಡರು. ರಾಮಲಿಂಗಯ್ಯ ಬೇಕಾದವರಿಗೆ ಕೊಟ್ಟು ಬೇಡದವರದ್ದನ್ನು ಅಳಿಸಿಹಾಕುತ್ತಿದ್ದಾನೆ ಎಂದು ಮಾತಾಯಿತು. ಒಂದು ದಿನ ಅವರ ಬೈಕಿನ ಕೀ ಕಿತ್ತುಕೊಂಡು ನಡುರಸ್ತೆಯಲ್ಲಿ ನಿಲ್ಲಿಸಿ ಬೈದರು. ಪುಟ್ಟಮಾದಯ್ಯ ಅವರ ಕಾಲಬಳಿ ಉಗಿದ.

ಕಾರ್ಖಾನೆಯ ಕಬ್ಬಿನ ಅಧಿಕಾರಿ ಆಫೀಸಿಗೆ ಲಿಖಿತವಾಗಿ ಕೇಳಿದರು, ನಿಮ್ಮ ಕಡೆ ಏನಾದರೂ ತಪ್ಪಿದೆಯೇ ಎಂದು. ನಾಜಿಮಾ ಎರಡು ದಿನ ಹುಡುಕಿದಳು. ತಲುಪಿಸಲಾಗದೆ ಉಳಿದ ಆರ್ಡರುಗಳು ಬಂದು ಬೀಳಲೆಂದು ಪ್ರತಿ ಕ್ಯೂಗೂ ಪಕ್ಕದಲ್ಲಿ ಇನ್ನೊಂದು ಕ್ಯೂ ಇಟ್ಟಿದ್ದಳು. ಅದು ಖಾಲಿ ಇತ್ತು. ಆಯಸ್ಸು ಮುಗಿದು ಸತ್ತದ್ದು ಅಲ್ಲಿಗೆ ಬರುವುದಿಲ್ಲ, ಗುರುತೂ ಬಿಡದೆ ಹೋಗುತ್ತದೆ. ಅದನ್ನು ಅವಳು ಎಂದೋ ಓದಿದ್ದಳು, ಆ ಹೊತ್ತಿಗೆ ನೆನಪಾಗಲಿಲ್ಲ. ಹೊಸ ಟೆಂಪ್ಲೇಟಿನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ, ಅದನ್ನೂ ಹೇಳಿಬಿಡಬೇಕು. ತಾನು ಕಟ್ಟಿದ್ದು ಎಂಬ ಸೊಕ್ಕು ಇತ್ತು. "ನಮ್ಮ ವ್ಯವಸ್ಥೆಯಲ್ಲಿ ಯಾವುದೇ ದೋಷ ಕಂಡುಬಂದಿಲ್ಲ" ಎಂದು ಕಾಗದ ಬರೆದು ಕೆಳಗೆ ತನ್ನ ರುಜು ಹಾಕಿದಳು. ಮಾರನೆಯ ದಿನ, ಬುಧವಾರ, ರಾಮಲಿಂಗಯ್ಯನವರನ್ನು ಸಸ್ಪೆಂಡ್ ಮಾಡಿದರು.

ಮುಂದಿನ ಸೋಮವಾರ ಬೆಳಗ್ಗೆ ಅವಳು ಮಂಡ್ಯದ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ನಾಲೆಯ ಹತ್ತಿರ ಯಾರೋ ಎತ್ತಿನ ಮೈ ತೊಳೆಯುತ್ತಿದ್ದರು. ಎತ್ತು ಬಿಚ್ಚಿದ ಗಾಡಿ ಮುಂದಿನ ಮೂಕಿಯನ್ನು ನೆಲಕ್ಕೆ ಊರಿಕೊಂಡು ರಸ್ತೆ ಬದಿಯಲ್ಲಿ ನಿಂತಿತ್ತು. ಪ್ರತಿ ಸೋಮವಾರ ನೋಡುವ ನೋಟವೇ. ಬಸ್ಸು ಇನ್ನೊಂದು ಫರ್ಲಾಂಗು ಹೋಗುವುದರೊಳಗೆ ಅವಳಿಗೆ ತಾನು ಹಾಕಿದ್ದ ಸೋಮವಾರದ ತಡೆ ನೆನಪಾಯಿತು. ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗ್ಗೆ ಐದು ಎಂದರೆ ಎಷ್ಟು ಗಂಟೆ ಎಂದು ಬೆರಳಲ್ಲಿ ಎಣಿಸಿದಳು. ಮತ್ತೆ ಎಣಿಸಿದಳು. ನಲವತ್ತರ ಹತ್ತಿರ ಬಂತು. ತಾನು ಕೊಟ್ಟಿದ್ದು ಇಪ್ಪತ್ತನಾಲ್ಕು.

ಆಫೀಸಿಗೆ ಹೋಗಿ ಬ್ಯಾಗನ್ನೂ ಇಳಿಸದೆ ಪರದೆ ತೆರೆದಳು. ಗಾಡಿ ಊರಿನ ಕ್ಯೂನಲ್ಲಿ ಹಿಂದಿನ ದಿನದ ಎಂಟು ಆರ್ಡರುಗಳು ಕಾಯುತ್ತಿದ್ದವು. ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕಾದು ಕೂತಳು. ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಎಂಟು ಇದ್ದದ್ದು ಏಳಾಯಿತು. ಯಾರೂ ಎತ್ತಿಕೊಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಆರು, ಆಮೇಲೆ ಐದು. ಇನ್ನು ನೋಡಲಾಗಲಿಲ್ಲ. ಟೆಂಪ್ಲೇಟಿನಲ್ಲಿ ಆ ಒಂದು ಸಾಲು ತಿದ್ದಿ ಹದಿನಾಲ್ಕು ದಿನ ಮಾಡಿ ಓಡಿಸಿದಳು. ಐದು ಉಳಿದವು. ಕಣ್ಣ ಮುಂದೆಯೇ ಹೋದ ಮೂರನ್ನು ಹಾಳೆ ನೋಡಿಕೊಂಡು ಹೊಸ ಫೀಲ್ಡ್‌ಮನ್ ಶಿವುಗೆ ಫೋನಿನಲ್ಲಿ ಓದಿ ಹೇಳಿದಳು.

ರವಿಚಂದ್ರ ಎಲ್ಲವನ್ನೂ ಕೇಳಿ ಬಾಗಿಲು ಮುಚ್ಚಿ ಬಂದ. ಕೆಟ್ಟವನಲ್ಲ ಅವನು, ಹೆದರಿದವನು.

"ಸರಿ ಮಾಡಿದ್ಯಲ್ಲ?"

"ಮಾಡಿದೀನಿ ಸಾರ್. ಆದ್ರೆ ರಾಮಲಿಂಗಯ್ಯನೋರು..."

"ವಿಚಾರಣೆ ಮಾಡ್ತಾರೆ, ಏನೂ ಸಿಗಲ್ಲ, ವಾಪಸ್ ತಗೋತಾರೆ. ಈಗ ನಾವು ಬಾಯಿಬಿಟ್ರೆ ಈ ಆಫೀಸು ಇರಲ್ಲ ನಾಜಿಮಾ. ಆ ಕಾರ್ಖಾನೆ ಬಿಟ್ರೆ ನಮಗೆ ಇನ್ಯಾರಿದ್ದಾರೆ? ಸ್ವಲ್ಪ ದಿನ ಸುಮ್ಮನಿರು."

ಅವಳು ಸುಮ್ಮನಿದ್ದಳು. ಹೆದರಿಕೆಯಿಂದಲೇ ಸುಮ್ಮನಿದ್ದಳು, ಬೇರೆ ಹೆಸರು ಕೊಡುವುದು ಬೇಡ. ಆದರೆ ಅವಳು ತಿದ್ದಿದ ಆ ಒಂದು ಸಾಲು ಏನು ಮಾಡಿತೆಂದರೆ, ಮಂಗಳವಾರ ಗಾಡಿ ಊರುಗಳಿಗೆ ಆರ್ಡರುಗಳೆಲ್ಲ ಒಂದೂ ಬಿಡದೆ ಬಂದವು. ಮರುವಾರವೂ ಬಂದವು. ಜನ ನೋಡಿದರು. ರಾಮಲಿಂಗಯ್ಯ ಹೋದ, ಆರ್ಡರ್ ಬಂತು. ಇನ್ನೇನು ಸಾಕ್ಷಿ ಬೇಕು? ಅನುಮಾನ ಇದ್ದವರೂ ಈಗ ಖಾತ್ರಿಯಾಗಿ ಬೈದರು. ತನ್ನ ತಪ್ಪು ಅವರನ್ನು ಅರ್ಧ ಕೊಂದಿದ್ದರೆ ತನ್ನ ರಿಪೇರಿ ಇನ್ನರ್ಧ ಕೊಂದಿತು ಎಂದು ನಾಜಿಮಾಗೆ ಅನ್ನಿಸಿ ಅನ್ನ ಸೇರದಂತಾಯಿತು. ಕುಲ್ಸುಮ್ ಹುಡುಗಿಗೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದಳು.

ಹತ್ತನೆಯ ದಿನ, ಗುರುವಾರ, ಶಿವು ಫೋನಿನ ಆ್ಯಪ್ ವಿಷಯ ಕೇಳಲು ಕರೆ ಮಾಡಿದವನು ಮಾತಿಗೆ ಮಾತು ಸೇರಿಸಿ ಹೇಳಿದ. "ರಾಮಲಿಂಗಯ್ಯ ಅವ್ರೇ ಒಪ್ಕಂಡು ಬರ್ಕೊಟ್ಟವ್ರಂತೆ ಮೇಡಂ. ನನ್ ಕೈಯಿಂದ್ಲೆ ಅಳ್ಸೋಗಿರ್ಬೇಕು ಅಂತ."

ಅವಳು ಅರ್ಧ ದಿನ ರಜೆ ಹಾಕಿ ಶಿವಪುರಕ್ಕೆ ಹೋದಳು. ರಾಮಲಿಂಗಯ್ಯನ ಹೆಂಡತಿ ರೇವಮ್ಮ ಬಾಗಿಲು ತೆಗೆದು, ಯಾರೆಂದು ಕೇಳಿ, ನೀರು ತಂದುಕೊಟ್ಟಳು. ರಾಮಲಿಂಗಯ್ಯ ಒಳಗೆ ಮಂಚದ ಮೇಲೆ ಕನ್ನಡಕ ಹಾಕಿಕೊಂಡು ಫೋನ್ ಹಿಡಿದು ಕೂತಿದ್ದರು. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಅವರ ಮುಖ ಅರಳಿತು. ಅದನ್ನು ಅವಳು ತಾಳಲಾರದೆ ಹೋದಳು.

"ಬಾ ಮಗ, ಒಳ್ಳೆ ಒತ್ಗೆ ಬಂದೆ. ಹದಿನೈದ್ ದಿನದಿಂದ ನೋಡ್ತಾ ಇವ್ನಿ, ಇದ್ರಲ್ಲಿ ಎಲ್ಲಿ ಒತ್ತುದ್ರೆ ಆರ್ಡರ್ ಅಳ್ಸೋಯ್ತದೆ ಏಳ್ಕೊಡು. ನನ್ ಬೆಳ್ಳು ಎಲ್ಲಿ ತಗುಲ್ತೋ ಗೊತ್ತಾಯ್ತಾ ಇಲ್ಲ."

ಆ ಆ್ಯಪ್‌ನಲ್ಲಿ ಅಳಿಸುವ ಗುಂಡಿಯೇ ಇಲ್ಲ. ಅವಳೇ ಇಟ್ಟಿರಲಿಲ್ಲ.

"ನೀವ್ಯಾಕೆ ಬರ್ಕೊಟ್ರಿ ಸಾರ್?"

"ನಿನ್ ಕಾಗದ ತೋರುಸುದ್ರು. ಕೆಳಗೆ ನಿನ್ ರುಜು ಇತ್ತು. ಆ ಮಗು ನನ್ನ ಕೂರುಸ್ಕಂಡು ಟೀ ಕೊಟ್ಟು ಸ್ವಾಮಾರದ್ ಇಚಾರ ಬರ್ಕಂಡಿತ್ತು, ಅದು ನೋಡ್ದೆ ಬರಿಯಲ್ಲ ಅಂತ ಗೊತ್ತು ನಂಗೆ. ಮಿಸಿನ್ನಲ್ಲಿ ತಪ್ಪಿಲ್ಲ ಅಂದ್ಮ್ಯಾಕೆ ನನ್ ಕೈಲೇ ಆಗಿರ್ಬೇಕಲ್ಲ."

ನಾಜಿಮಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಸೋಮವಾರವನ್ನು ಹೇಗೆ ಮರೆತಳು, ಎಂಟು ಐದಾಗುವುದನ್ನು ಹೇಗೆ ನೋಡಿದಳು, ತಿದ್ದಿ ಹೇಗೆ ಸುಮ್ಮನಿದ್ದಳು, ಯಾವುದನ್ನೂ ಬಿಡಲಿಲ್ಲ. ರಾಮಲಿಂಗಯ್ಯ ಕನ್ನಡಕ ತೆಗೆದು ಫೋನಿನ ಪಕ್ಕದಲ್ಲಿ ಇಟ್ಟರು. ಮಾತಾಡಿದ್ದು ರೇವಮ್ಮ.

"ನಿಂಗೆ ಗೊತ್ತಾಗಿ ಎಸ್ಟ್ ದಿನ ಆಯ್ತು?"

"ಹತ್ತು ದಿನ ಅಮ್ಮ."

"ಹತ್ ದಿನ ಉಂಡ್ಯಾ?"

ರಾಮಲಿಂಗಯ್ಯ ಹೆಂಡತಿಯನ್ನು ಕೈಯೆತ್ತಿ ತಡೆದು ನಾಜಿಮಾಳ ಕಡೆ ತಿರುಗಿದರು.

"ಕಾರ್ಖಾನೆಗೆ ಕಾಗದ ಕೊಡು. ಆದ್ರೆ ಕಾಗದ ಊರ್ನೋರು ಓದಲ್ಲ. ಸ್ವಾಮಾರ ಬಾ. ಗಾಡಿ ಬುಟ್ಟಿರ್ತಾರೆ, ಎಲ್ರೂ ಊರಲ್ಲೇ ಇರ್ತಾರೆ. ಅವ್ರ್ ಮುಂದೆ ನಿಂತ್ಕಂಡು ನೀನೇ ಏಳು."

ಸೋಮವಾರ ಬೆಳಗ್ಗೆ ಅವಳು ಕಬ್ಬಿನ ಅಧಿಕಾರಿಗೆ ತನ್ನ ಹೆಸರಿನಲ್ಲೇ ಎಲ್ಲವನ್ನೂ ಬರೆದು ಕಳುಹಿಸಿದಳು, ನಕಲನ್ನು ರವಿಚಂದ್ರನಿಗೆ ಹಾಕಿದಳು. ಹನಕೆರೆ ಸ್ಟಾಪಿನಲ್ಲಿ ಇಳಿಯುವಷ್ಟರಲ್ಲಿ ಅವನ ನಾಲ್ಕು ಕರೆ ಬಂದಿದ್ದವು. ಐದನೆಯದನ್ನು ಎತ್ತಿದಳು. "ನಾಳೆಯಿಂದ ಬರಬೇಡ" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

ರಾಮಲಿಂಗಯ್ಯ ಮೊದಲೇ ಬಂದು ಸ್ಟಾಪಿನ ಕಲ್ಲಿನ ಮೇಲೆ ಕೂತಿದ್ದರು. ಗಡ್ಡ ತೆಗೆಸಿ, ಒಗೆದ ಅಂಗಿ ಹಾಕಿದ್ದರು. "ನಾ ಇಲ್ಲೇ ಇರ್ತೀನಿ. ನಾ ಪಕ್ಕದಲ್ಲಿ ನಿಂತಿದ್ರೆ ಇವ್ನೇ ಏಳ್ಕೊಟ್ಟು ಕರ್ಕಬಂದವ್ನೆ ಅಂತಾರೆ. ಆದ್ಮ್ಯಾಲೆ ಬಂದು ಏಳು" ಎಂದರು.

ಅವಳು ಒಬ್ಬಳೇ ಪುಟ್ಟಮಾದಯ್ಯನ ಊರಿಗೆ ನಡೆದು ಹೋದಳು. ಊರಿನ ಮುಂದಿನ ನಾಲೆಯಲ್ಲಿ ಹತ್ತಾರು ಜನ ಎತ್ತು ತೊಳೆಯುತ್ತಿದ್ದರು. ಪುಟ್ಟಮಾದಯ್ಯ ಯಾರೆಂದು ಕೇಳಿ ಅವನ ಮುಂದೆ ನಿಂತಳು. ಸೋಮವಾರದ ತಡೆಯಿಂದ ಶುರುಮಾಡಿ, ಆರ್ಡರುಗಳು ಎಲ್ಲಿ ಸತ್ತವು, ರಾಮಲಿಂಗಯ್ಯನ ಫೋನಿಗೆ ಅವು ಬಂದೇ ಇರಲಿಲ್ಲ ಎನ್ನುವವರೆಗೆ ಹೇಳಿದಳು. ಕೈಯಲ್ಲಿ ಹುಲ್ಲಿನ ಉಂಡೆ ಹಿಡಿದುಕೊಂಡೇ ಅವನು ಕೇಳಿದ.

"ಅಂಗಾರೆ ಮಿಸಿನ್ನು ತಪ್ಪಾ?"

"ಮಿಷಿನ್ ಅಲ್ಲ. ನಾನು."

ಪಕ್ಕದಲ್ಲಿದ್ದ ಒಬ್ಬ ಮುದುಕ "ನನ್ ಕಬ್ಬು ಬೆಂಡಾಗೋಯ್ತಲ್ಲವ್ವ" ಎಂದ. ಅದಕ್ಕೂ ಅವಳು "ಹೌದು" ಎಂದಳು. ಪುಟ್ಟಮಾದಯ್ಯ ನೀರಿನಿಂದ ಮೇಲೆ ಬಂದ. ಅವನ ಮುಖ ನೋಡಿದರೆ ಹೊಡೆಯುತ್ತಾನೋ ಏನೋ ಎನ್ನಿಸುತ್ತಿತ್ತು.

"ಅವನ ಮುಂದೆ ಉಗುದ್ಬುಟ್ಟೆ ನಾನು," ಎಂದ. "ಎಲ್ಲವ್ನೆ ಈಗ?"

"ಬಸ್‌ಸ್ಟಾಪಲ್ಲಿ."

ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಹಿಂದೆ ಇನ್ನೂ ನಾಲ್ಕು ಜನ ಹೊರಟರು. ಸೋಮವಾರ, ಗಾಡಿ ಕಟ್ಟುವ ಹಾಗಿಲ್ಲ, ನಡೆದೇ ಹೊರಟರು. ಹೊತ್ತಾದೀತೆಂದೋ ಏನೋ ಬಿರಬಿರನೆ ನಡೆದರು, ನಾಜಿಮಾ ಹಿಂದೆ ಬಿದ್ದಳು. ರಸ್ತೆ ತಿರುಗಿದ ಕೂಡಲೇ ಸ್ಟಾಪು ಕಂಡಿತು. ಕಲ್ಲಿನ ಮೇಲೆ ಕೂತಿದ್ದ ರಾಮಲಿಂಗಯ್ಯ ತಲೆಯೆತ್ತಿ ನೋಡಿದರು. ಐದು ಜನ ಗಂಡಸರು, ಮುಂದೆ ಪುಟ್ಟಮಾದಯ್ಯ, ದೊಡ್ಡ ಹೆಜ್ಜೆ ಹಾಕಿಕೊಂಡು ತಮ್ಮ ಕಡೆಗೇ ಬರುತ್ತಿದ್ದಾರೆ. ಹುಡುಗಿ ಎಲ್ಲೋ ಹಿಂದೆ ಇದ್ದಾಳೆ.

ಅವರು ಎದ್ದರು. ಒಂದು ಚಪ್ಪಲಿ ಕಾಲಿಗೆ ಸರಿಯಾಗಿ ಸಿಗಲಿಲ್ಲ. ಮಂಡ್ಯದ ಕಡೆಯಿಂದ ಶಿವಪುರದ ಮೇಲೆ ಹೋಗುವ ಮದ್ದೂರು ಬಸ್ಸು ಬರುತ್ತಿತ್ತು, ಅದಕ್ಕೆ ಕೈಯೊಡ್ಡಿದರು. ಪುಟ್ಟಮಾದಯ್ಯ ಕೈ ಎತ್ತಿ "ರಾಮಲಿಂಗಣ್ಣ, ನಿಂತ್ಕೊ" ಎಂದು ಕೂಗಿದ. ಆ ಕೂಗು ಕೇಳಿ ಅವರು ಇನ್ನೂ ಬೇಗ ಹತ್ತಿದರು. ಬಸ್ಸು ಹೊರಟಿತು.

ನಾಜಿಮಾ ಓಡಿಬಂದು ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು.

"ಎತ್ತಕ್ಕಿಲ್ಲ ಬುಡವ್ವ," ಎಂದ ಪುಟ್ಟಮಾದಯ್ಯ. "ಆ ಪೋನ್‌ಗೆ ದಿನಾ ಮಾಡಿ ಬಯ್ತಿದ್ದೋರು ನಾವೇ."

ಅವನು ಬಸ್ಸು ಹೋದ ದಿಕ್ಕನ್ನೇ ನೋಡುತ್ತಾ ನಿಂತ. ಕಲ್ಲಿನ ಹತ್ತಿರ ಒಂದು ಚಪ್ಪಲಿ ಬಿದ್ದಿತ್ತು. ಬಗ್ಗಿ ಅದನ್ನು ಎತ್ತಿಕೊಂಡು, ಮಣ್ಣು ಕೊಡವಿ, ಅವಳನ್ನು ಕೇಳಿದ.

"ಸಿವಪುರಕ್ಕೆ ಇನ್ನೊಂದ್ ಬಸ್ಸು ಎಸ್ಟೊತ್ಗೆ?"

"ಅರ್ಧ ಗಂಟೆ ಆಗುತ್ತೆ."

ಐದು ಜನವೂ ಕಲ್ಲಿನ ಮೇಲೆ ಕೂತರು. ಚಪ್ಪಲಿ ಪುಟ್ಟಮಾದಯ್ಯನ ಮಡಿಲಲ್ಲಿತ್ತು. ನಾಜಿಮಾ ಅವರ ಪಕ್ಕದಲ್ಲಿ ನಿಂತು ರಸ್ತೆ ನೋಡುತ್ತಾ ಕಾದಳು.